ಹೆಸರಿಲ್ಲದ ಫಂಕ್ಷನ್ನಿನ ಬುತ್ತಿ

ವಿದ್ಯಾರ್ಥಿಗಳ ಪಟ್ಟಿಯನ್ನು ಜೋಡಿಸಿಕೊಡು ಎಂದು ಕಂಪ್ಯೂಟರ್‌ಗೆ ಹೇಳಬೇಕು. ಯಾವುದರ ಪ್ರಕಾರ? ಅಂಕದ ಪ್ರಕಾರ. ಈ ಎರಡನೆಯ ಮಾತೂ ಒಂದು ಪುಟ್ಟ ಫಂಕ್ಷನ್ನೇ, ಅಂದರೆ ಕೆಲಸವೊಂದರ ಸೂಚನೆ. ಒಮ್ಮೆ ಬಳಸಿ ಬಿಡುವ ಇಂಥದ್ದಕ್ಕೆ ಹೆಸರಿಟ್ಟು, ಬೇರೆಡೆ ಬರೆದಿಟ್ಟು, ಮತ್ತೆ ಹೆಸರು ಹಿಡಿದು ಕರೆಯುವ ಉಪಚಾರವೇಕೆ? ಬೇಕಾದಲ್ಲೇ ಬರೆದುಕೊಟ್ಟರಾಯಿತು. ಎಲೆಕ್ಟ್ರಾನಿಕ್ ಕಂಪ್ಯೂಟರ್ ಹುಟ್ಟುವ ಮೊದಲೇ, 1930ರ ದಶಕದಲ್ಲಿ, ಗಣಿತಜ್ಞ ಅಲೊಂಜೊ ಚರ್ಚ್ ಲ್ಯಾಂಬ್ಡಾ ಎಂಬ ಗ್ರೀಕ್ ಅಕ್ಷರದ ಗುರುತಿನಲ್ಲಿ ಹೆಸರಿಲ್ಲದ ಫಂಕ್ಷನ್‌ಗಳನ್ನು ಬರೆದಿದ್ದರು. 1958ರಲ್ಲಿ ಲಿಸ್ಪ್ ಭಾಷೆಯ ಕೆಲಸ ಶುರುಮಾಡಿದ ಜಾನ್ ಮೆಕಾರ್ಥಿ ಆ ಬರವಣಿಗೆಯನ್ನೇ ಎರವಲು ಪಡೆದರು.

ಹೊಸ ಭಾಷೆ ಕಟ್ಟುವವರು ಹೆಸರಿಲ್ಲದ ಫಂಕ್ಷನ್ ಬರೆಯಲು ಚೌಕ ಕಂಸವೋ, ಪುಷ್ಪ ಕಂಸವೋ, ಬಾಣದ ಗುರುತೋ ಎಂದು ವಾದಿಸುವುದುಂಟು. ನನ್ನನ್ನು ಕೇಳಿದರೆ ಅದು ಅವರವರ ರುಚಿ. ನಿಜವಾದ ತೊಡಕಿರುವುದು ಕೆಲಸ ಮುಗಿಸಿ ಮರಳು ಎನ್ನುವ 'ರಿಟರ್ನ್' ಆಜ್ಞೆಯಲ್ಲಿ ಮತ್ತು ಬೆಲೆಗಳನ್ನು ಹೆಸರಿಟ್ಟು ಇಟ್ಟುಕೊಳ್ಳುವ ವೇರಿಯಬಲ್‌ಗಳಲ್ಲಿ.

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಅಲನ್ ಕೇ, ಡ್ಯಾನ್ ಇಂಗಲ್ಸ್ ಮೊದಲಾದವರು ರೂಪಿಸಿದ ಸ್ಮಾಲ್‌ಟಾಕ್ ಭಾಷೆಯಲ್ಲಿ 'ಹೀಗಿದ್ದರೆ ಹಾಗೆ ಮಾಡು' ಎನ್ನಲೂ ಪ್ರತ್ಯೇಕ ವ್ಯಾಕರಣವಿಲ್ಲ. ಚೌಕ ಕಂಸದೊಳಗೆ ಸೂಚನೆಗಳನ್ನಿಟ್ಟ ಬ್ಲಾಕ್ ಒಂದನ್ನು 'ನಿಜ' ಅಥವಾ 'ಸುಳ್ಳು' ಎಂಬ ವಸ್ತುವಿಗೆ ಒಪ್ಪಿಸುತ್ತೇವೆ; ನಡೆಸುವುದೋ ಬಿಡುವುದೋ ಅದಕ್ಕೆ ಬಿಟ್ಟಿದ್ದು. ಎಂಥ ಸೊಗಸು! ಆದರೆ ಬ್ಲಾಕ್‌ನೊಳಗೆ ರಿಟರ್ನ್ ಎಂದರೆ ಮರಳುವುದೆಲ್ಲಿಗೆ? ಬ್ಲಾಕ್‌ನಿಂದಷ್ಟೇ ಹೊರಬಂದರೆ, ಹುಡುಕಿದ್ದು ಸಿಕ್ಕ ಕೂಡಲೇ ಇಡೀ ಹುಡುಕಾಟವನ್ನು ನಿಲ್ಲಿಸಲಾಗದು. ಹಾಗಾಗಿ ಅಲ್ಲಿ ಬ್ಲಾಕನ್ನು ಬರೆದಿರುವ ಮೆಥಡ್ಡೇ, ಅಂದರೆ ಹೊರಗಿನ ಫಂಕ್ಷನ್ನೇ, ಮುಗಿಯುತ್ತದೆ. ಆ ಮೆಥಡ್ ಆಗಲೇ ಮುಗಿದುಹೋಗಿದ್ದರೆ? ಎರರ್, ಅಷ್ಟೇ. ರೂಬಿ ಭಾಷೆ ಎರಡು ಬಗೆಯನ್ನೂ ಇಟ್ಟುಕೊಂಡಿತು: ಬ್ಲಾಕ್‌ನ ರಿಟರ್ನ್ ಮೆಥಡ್ಡನ್ನೇ ಮುಗಿಸುತ್ತದೆ, ಲ್ಯಾಂಬ್ಡಾ ಎಂದೇ ಕರೆಯುವ ಹೆಸರಿಲ್ಲದ ಫಂಕ್ಷನ್ನಿನದು ತನ್ನನ್ನಷ್ಟೇ. ಹೊಸಬರು ಎಡವುವುದು ಇಲ್ಲೇ. ಕೋಟ್ಲಿನ್ ಭಾಷೆಯಲ್ಲಿ, ಕರೆದ ಜಾಗದಲ್ಲೇ ಬೆಸೆದುಹೋಗುವ ಲ್ಯಾಂಬ್ಡಾಗಳಿಗೆ ಮಾತ್ರ ಹೊರಗಿನ ಫಂಕ್ಷನ್ನನ್ನು ಮುಗಿಸುವ ಹಕ್ಕಿದೆ. ಎತ್ತಿಟ್ಟು ಆಮೇಲೆ ನಡೆಸಬಹುದಾದವಕ್ಕೆ ಇಲ್ಲ. ನನಗೆ ಒಪ್ಪಿಗೆಯಾಗುವುದು ಈ ಕಟ್ಟುನಿಟ್ಟೇ.

ಇನ್ನು ವೇರಿಯಬಲ್. ಹೆಸರಿಲ್ಲದ ಫಂಕ್ಷನ್ ಹುಟ್ಟುವುದು ಒಂದು ಕಡೆ, ನಡೆಯುವುದು ಎಷ್ಟೋ ಹೊತ್ತಿನ ಮೇಲೆ ಇನ್ನೆಲ್ಲೋ. ಹಾಗಾಗಿ ಹುಟ್ಟಿದ ಜಾಗದ ವೇರಿಯಬಲ್‌ಗಳನ್ನು ಹೊರಡುವಾಗಲೇ ಬುತ್ತಿ ಕಟ್ಟಿಕೊಳ್ಳಬೇಕು. ಬುತ್ತಿ ಸಮೇತದ ಈ ಫಂಕ್ಷನ್ನನ್ನು ಪೀಟರ್ ಲ್ಯಾಂಡಿನ್ 1964ರಲ್ಲಿ ಕ್ಲೋಶರ್ ಎಂದು ಕರೆದರು. ಬುತ್ತಿಯಲ್ಲಿರುವುದು ಆ ಹೊತ್ತಿನ ಬೆಲೆಯೋ, ವೇರಿಯಬಲ್ಲೇ ಖುದ್ದೋ? 1ರಿಂದ 3ರವರೆಗೆ ಲೂಪ್ ಓಡಿಸಿ, ಪ್ರತಿ ಸುತ್ತಿನಲ್ಲೂ ಅಂಕಿ ಮುದ್ರಿಸುವ ಒಂದು ಫಂಕ್ಷನ್ ಮಾಡಿಟ್ಟುಕೊಂಡು ಆಮೇಲೆ ನಡೆಸಿ. ಹಳೆಯ ಜಾವಾಸ್ಕ್ರಿಪ್ಟ್‌ನಲ್ಲಿ ಮೂರೂ 4 ಎನ್ನುತ್ತಿದ್ದವು! ಮೂರಕ್ಕೂ ಇದ್ದದ್ದು ಒಂದೇ ವೇರಿಯಬಲ್, ಲೂಪ್ ಮುಗಿದಾಗ ಅದು 4ಕ್ಕೆ ಬಂದು ನಿಂತಿತ್ತು. 2011ರ ಸಿ ಪ್ಲಸ್ ಪ್ಲಸ್ ನಕಲೋ ಅಸಲೋ ಎಂಬ ಆಯ್ಕೆಯನ್ನು ಪ್ರೋಗ್ರಾಮರ್ ಕೈಗೇ ಕೊಟ್ಟಿತು. 2014ರ ಜಾವಾ 8ರಲ್ಲಿ ಬದಲಾಗುವ ಲೋಕಲ್ ವೇರಿಯಬಲ್ಲನ್ನು ಬುತ್ತಿಗೆ ಹಾಕುವಂತೆಯೇ ಇಲ್ಲ.

ಗೂಗಲ್‌ನಲ್ಲಿ ಹುಟ್ಟಿದ ಗೋ ಭಾಷೆಗೂ ಈ ಲೂಪ್‌ನ ಕಾಟ ತಪ್ಪಲಿಲ್ಲ. 2012ರಲ್ಲಿ ಮೊದಲ ಆವೃತ್ತಿ ಬಂದಾಗಲೇ, ಹಳೆಯ ಪ್ರೋಗ್ರಾಂಗಳು ಕೆಡದಂತೆ ನೋಡಿಕೊಳ್ಳುವುದಾಗಿ ಅದನ್ನು ಕಟ್ಟಿದವರು ಮಾತು ಕೊಟ್ಟಿದ್ದರು. ಹಾಗಾಗಿ ಸುತ್ತಿಗೊಂದು ಹೊಸ ವೇರಿಯಬಲ್ ಎಂಬ ತಿದ್ದುಪಡಿ ಬಂದದ್ದು 2024ರ ಫೆಬ್ರುವರಿಯಲ್ಲಿ, 1.22ನೇ ಆವೃತ್ತಿಯಲ್ಲಿ. ಅದೂ ತಾವು 1.22 ಅಥವಾ ಅದರ ನಂತರದ ಆವೃತ್ತಿಯವು ಎಂದು ಹೇಳಿಕೊಂಡ ಪ್ರೋಗ್ರಾಂಗಳಿಗಷ್ಟೇ. ಉಳಿದವು ಹಳೆಯ ನಿಯಮದಲ್ಲೇ ನಡೆಯುತ್ತವೆ.