ಮರದ ನೆರಳು, ಲೆಕ್ಕದ ನೆರಳು

ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಮಿತ್ರರೊಬ್ಬರು ಮೊನ್ನೆ ಅಧ್ಯಾಪಕರ ಕೊಠಡಿಯಲ್ಲಿ ಹೇಳಿದ ಕಾಡಿನ ಕಥೆಯೊಂದು, ಹನ್ನೆರಡು ವರ್ಷಗಳ ಹಿಂದೆ ನಾನು ಮಾಡಿದ ತಪ್ಪೊಂದನ್ನು ನನಗೆ ಕಾಣಿಸಿಕೊಟ್ಟಿತು.

ಉಷ್ಣವಲಯದ ಕಾಡಿನಲ್ಲಿ ಇಷ್ಟೊಂದು ಜಾತಿಯ ಮರಗಳು ಒಟ್ಟಿಗೆ ಬಾಳುವುದು ಹೇಗೆ? ಬಲಿಷ್ಠವಾದ ಒಂದೆರಡು ಜಾತಿಗಳು ಉಳಿದವನ್ನೆಲ್ಲ ಏಕೆ ನುಂಗಲಿಲ್ಲ? 1970ರಲ್ಲಿ ಡೇನಿಯಲ್ ಜಾನ್ಜನ್, 1971ರಲ್ಲಿ ಜೋಸೆಫ್ ಕಾನೆಲ್ ಇದಕ್ಕೆ ಬೇರೆಬೇರೆಯಾಗಿ ಒಂದೇ ಬಗೆಯ ಉತ್ತರ ಕೊಟ್ಟರು. ತಾಯಿಮರದ ಸುತ್ತ ಆ ಜಾತಿಯನ್ನೇ ಹುಡುಕಿ ತಿನ್ನುವ ಹುಳುಗಳೂ ರೋಗಗಳೂ ನೆಲೆಸಿರುತ್ತವೆ. ಆದುದರಿಂದ ಅದರ ಬುಡದಲ್ಲಿ ಅದರ ಮಕ್ಕಳೇ ಬದುಕುವುದು ಕಷ್ಟ. ತೆರವಾದ ನೆಲ ಅನ್ಯರ ಪಾಲಾಗುತ್ತದೆ.

ವಿಚಾರವೇನೋ ಸೊಗಸಾದುದೇ. ಆದರೆ ಅದನ್ನು ಪರೀಕ್ಷಿಸುವುದೆಂತು? ಪನಾಮಾ ದೇಶದ ಬಾರೋ ಕೊಲರಾಡೋ ದ್ವೀಪದಲ್ಲಿ 50 ಹೆಕ್ಟೇರು ಕಾಡಿನೊಳಗೆ, ಒಂದು ಸೆಂಟಿಮೀಟರು ದಪ್ಪದ ಕಾಂಡವನ್ನೂ ಬಿಡದೆ, 1980ರ ದಶಕದಿಂದ ಎಣಿಸುತ್ತ ಬಂದಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಮುದುಮಲೆಯಲ್ಲಿ ಅಷ್ಟೇ ವಿಸ್ತಾರದ ಕಾಡನ್ನು ಗುರುತಿಸಿ ಎಣಿಕೆಗೆ ತೊಡಗಿದರು. ಜಗತ್ತಿನ ಇಂಥ 24 ಕಾಡುಗಳ ಲೆಕ್ಕವನ್ನು ಒಟ್ಟುಗೂಡಿಸಿ, ಈ ಸ್ವಜನವೈರ ಉಷ್ಣವಲಯದಲ್ಲಿ ಹೆಚ್ಚು ಪ್ರಬಲವೆಂದು 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸಾರಲಾಯಿತು. ಮರುವರ್ಷವೇ ಅದೇ ಪತ್ರಿಕೆಯಲ್ಲಿ ಆಕ್ಷೇಪಗಳು ಬಂದವು.

ಆಕ್ಷೇಪದ ತಿರುಳನ್ನು ಮಿತ್ರರು ಹೀಗೆ ಬಿಡಿಸಿದರು. ಕಾಡನ್ನು ಚೌಕಗಳಾಗಿ ಭಾಗಿಸಿ, ಒಂದೊಂದರಲ್ಲೂ ದೊಡ್ಡ ಮರವೊಂದಕ್ಕೆ ಎಷ್ಟು ಸಸಿಯೆಂದು ನೋಡುತ್ತೇವೆ. ಬೀಜಗಳು ಗಾಳಿಗೆ, ಹಕ್ಕಿಗಳಿಗೆ ಸಿಕ್ಕಿ ಎಲ್ಲೆಡೆ ಹರಡಿ, ಪ್ರತಿ ಚೌಕದಲ್ಲಿಯೂ 10 ಸಸಿಗಳಿವೆ ಎನ್ನಿ. ಒಂದೇ ಮರವಿರುವ ಚೌಕದಲ್ಲಿ ಮರಕ್ಕೆ 10 ಸಸಿ. ಐದು ಮರಗಳಿರುವಲ್ಲಿ ಮರಕ್ಕೆ ಎರಡೇ! ಮರ ಹೆಚ್ಚಿದಂತೆ ಸಸಿ ಸತ್ತಂತೆ ತೋರುತ್ತದೆ. ಆದರೆ ಸತ್ತ ಸಸಿ ಒಂದೂ ಇಲ್ಲ. ನೆರೆಯ ಚೌಕದ ಮಕ್ಕಳನ್ನು ಈ ಚೌಕದ ಲೆಕ್ಕಕ್ಕೆ ಬರೆದುದೇ ದೋಷ. ಮರ ಕಡಮೆಯಿರುವ ವಿರಳ ಜಾತಿಗಳಲ್ಲಿ ಇಂಥ ಭ್ರಮೆ ಇನ್ನೂ ಹೆಚ್ಚು.

ಇದನ್ನು ಕೇಳುತ್ತಿದ್ದಂತೆ ನನ್ನ ಮುಖ ಬಿಸಿಯಾಯಿತು. ಹನ್ನೆರಡು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಹಳ್ಳಿಹಳ್ಳಿ ತಿರುಗಿ ಜನಪದ ಗೀತೆಗಳನ್ನು ಸಂಗ್ರಹಿಸಿದ್ದೆ. ಊರು ಚಿಕ್ಕದಾದಷ್ಟೂ ಮನೆಗೊಬ್ಬರಂತೆ ಹಾಡುಗಾರ್ತಿಯರು. ಊರು ಬೆಳೆದಂತೆ ಹಾಡು ಸಾಯುತ್ತದೆ ಎಂದು ಲೇಖನ ಬರೆದು ಮೆಚ್ಚುಗೆ ಪಡೆದೆ. “ಸರ್, ನಾವು ಹೋದದ್ದು ಜಾತ್ರೆಯ ದಿನಗಳಲ್ಲಿ. ಹಾಡಿದವರಲ್ಲಿ ಎಷ್ಟೋ ಮಂದಿ ನೆಂಟರು, ಆ ಊರಿನವರಲ್ಲ” ಎಂದು ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧದಲ್ಲಿಯೇ ಬರೆದಿದ್ದಳು. ಅಧಿಕಪ್ರಸಂಗವೆಂದು ಬಗೆದು ಅಂಕ ಕಡಿದಿದ್ದೆ. ಹತ್ತು ಮನೆಯ ಊರಿಗೆ ಹತ್ತು ನೆಂಟರು ಬಂದರೆ ಮನೆಗೊಬ್ಬ ಹಾಡುಗಾರ್ತಿ ಆಗದಿರುತ್ತಾಳೆಯೆ?

ಹಾಗಾದರೆ ಜಾನ್ಜನ್, ಕಾನೆಲ್ ಹೇಳಿದ್ದು ಸುಳ್ಳೆ? ಹಾಗಲ್ಲ. 2024ರಲ್ಲಿ 23 ಕಾಡುಗಳಲ್ಲಿ, ಒಂದೊಂದು ಮರದ ಸಾವುಬದುಕನ್ನೇ ಎಣಿಕೆಯಿಂದ ಎಣಿಕೆಗೆ ಹಿಂಬಾಲಿಸಿ ನೋಡಿದರು. ಸ್ವಜನವೈರ ನಿಜವೇ, ಉಷ್ಣವಲಯದ ವಿರಳ ಜಾತಿಗಳಲ್ಲಿ ಅದು ಬಲವಾಗಿಯೂ ಇದೆ. ಆದರೆ ಸರಾಸರಿಯಲ್ಲಿ ಅದು ಉಷ್ಣವಲಯದಲ್ಲಿಯೇ ಹೆಚ್ಚೆಂಬ ಮಾತು ನಿಲ್ಲಲಿಲ್ಲ.

ನನ್ನ ಲೇಖನದಲ್ಲಿಯೂ ಸತ್ಯದ ಎಳೆಯೊಂದು ಇದ್ದೀತು. ಆದರೆ ಅದನ್ನು ತಿಳಿಯುವ ದಾರಿಯನ್ನು ತೋರಿದವಳನ್ನೇ ನಾನು ಗದರಿದ್ದೆ. ಆಕೆ ಈಗ ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕಿ. ವಿಳಾಸ ವಿಚಾರಿಸಿ ನಿನ್ನೆ ಕಾಗದ ಬರೆದೆ.