ಮೂತ್ರಕೋಶ ತೆಗೆದ ಮೇಲೆ: ಚೀಲವೋ, ಕರುಳಿನ ಕೋಶವೋ?

ಸೂರತ್ತಿನ ಓದುಗರೊಬ್ಬರು ಕೇಳಿದ್ದಾರೆ: ‘ಕ್ಯಾನ್ಸರಿನಿಂದಾಗಿ ಅಪ್ಪನ ಮೂತ್ರಕೋಶವನ್ನೇ ತೆಗೆಯಬೇಕಂತೆ. ಹೊಟ್ಟೆಯ ಮೇಲೆ ಚೀಲವೋ, ಕರುಳಿನಿಂದ ಹೊಸ ಕೋಶವೋ ನೀವೇ ತೀರ್ಮಾನಿಸಿ ಎನ್ನುತ್ತಾರೆ ಡಾಕ್ಟರು. ಏನು ಹೇಳುವುದು?’

ಈ ಕಾಯಿಲೆಗೆ ಬೀಡಿ-ಸಿಗರೇಟೇ ದೊಡ್ಡ ಕಾರಣ. ಆದರೆ ಬಟ್ಟೆಗೆ ಬಣ್ಣ ಹಾಕುವ ಊರಿನಿಂದ ಪ್ರಶ್ನೆ ಬಂದಾಗ ಲುಡ್ವಿಗ್ ರೆನ್ ನೆನಪಾಗುತ್ತಾರೆ. ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಮೂತ್ರಕೋಶದ ಗಡ್ಡೆಗಳು ಏಳುವುದನ್ನು 1895ರಲ್ಲಿ ತೋರಿಸಿದ ಜರ್ಮನ್ ಸರ್ಜನ್ ಅವರು. ನೂರು ವರ್ಷದ ನಂತರ, ಬೆಂಝಿಡಿನ್ ಬಣ್ಣಗಳ ನಡುವೆ ದುಡಿಯುವವರನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯೂ ಪರೀಕ್ಷಿಸಿತು.

ಚೀಲದ ವಿಧಾನವನ್ನು ಬಳಕೆಗೆ ತಂದವರು ಅಮೆರಿಕದ ಯೂಜೀನ್ ಬ್ರಿಕರ್, 1950ರಲ್ಲಿ. ಸಣ್ಣ ಕರುಳಿನ ಸುಮಾರು 15 ಸೆಂ.ಮೀ. ತುಂಡಿಗೆ ಕಿಡ್ನಿಗಳ ನಾಳಗಳನ್ನು ಜೋಡಿಸಿ, ಅದರ ಇನ್ನೊಂದು ತುದಿಯನ್ನು ಹೊಟ್ಟೆಯ ಬಲಭಾಗದಲ್ಲಿ ಹೊರಗೆ ತೆರೆಯುತ್ತಾರೆ. ಈ ಬಾಯಿಯೇ ಸ್ಟೋಮಾ. ಮೂತ್ರ ಅಲ್ಲಿಂದ ಚೀಲಕ್ಕೆ ಸದಾ ಇಳಿಯುತ್ತಿರುತ್ತದೆ.

ಹೊಸ ಕೋಶದಲ್ಲಿರುವುದು ಸೊಗಸಾದ ಜ್ಯಾಮಿತಿ. ಕರುಳು ಕೊಳವೆ, ಹಿಂಡುವುದೇ ಅದರ ಸ್ವಭಾವ. ಹಾಗೇ ಹೊಲಿದರೆ ಮೂತ್ರ ಸೋರುತ್ತದೆ, ಒತ್ತಡ ಕಿಡ್ನಿಗೂ ತಟ್ಟುತ್ತದೆ. ಕಾಗದದ ಉದ್ದನೆಯ ಕೊಳವೆಯೊಂದನ್ನು ಉದ್ದಕ್ಕೆ ಸೀಳಿ ಬಿಡಿಸಿ. ನಡುವೆ ಕತ್ತರಿಸಿ, ಎರಡು ತುಂಡುಗಳನ್ನೂ ಪಕ್ಕಪಕ್ಕ ಅಂಟಿಸಿ ಮತ್ತೆ ಸುತ್ತಿ. ಕಾಗದ ಅಷ್ಟೇ, ಉದ್ದ ಅರ್ಧ, ಅಡ್ಡಳತೆ ಎರಡು ಪಟ್ಟು, ಒಳಗೆ ಹಿಡಿಯುವುದೂ ಎರಡು ಪಟ್ಟು! ಅಡ್ಡಳತೆ ಹೆಚ್ಚಿದಂತೆ ಒಳಗಿನ ಒತ್ತಡ ತಗ್ಗುತ್ತದೆ ಎನ್ನುತ್ತದೆ ಲಾಪ್ಲಾಸ್ ನಿಯಮ. ಸೀಳಿದ ಸ್ನಾಯು ಒಟ್ಟಾಗಿ ಹಿಂಡಲೂ ಆರದು. ಸ್ವಿಟ್ಜರ್ಲೆಂಡಿನ ಉರ್ಸ್ ಸ್ಟೂಡರ್, ಜರ್ಮನಿಯ ಹೌಟ್‌ಮನ್ ಹೀಗೆಯೇ ಅರ್ಧ ಮೀಟರಿನಷ್ಟು ಕರುಳನ್ನು ಸೀಳಿ, ಮಡಚಿ, ಗೋಳಕ್ಕೆ ಹತ್ತಿರದ ಕೋಶ ಹೊಲಿದರು.

‘ಸಹಜ ಮೂತ್ರಕೋಶದಂತೆಯೇ’ ಎಂಬ ಜಾಹೀರಾತಿನ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕರುಳು ಹೀರುವ ಅಂಗ; ಮೂತ್ರದ ಆಮ್ಲವನ್ನು ರಕ್ತಕ್ಕೆ ಮರಳಿಸುತ್ತದೆ. ಅದನ್ನು ನಿಭಾಯಿಸಲು ಕಿಡ್ನಿಗಳು ಗಟ್ಟಿಯಾಗಿರಬೇಕು. ಕೋಶ ತುಂಬಿದ್ದು ಮೊದಲಿನಂತೆ ತಿಳಿಯದು. ಗಡಿಯಾರ ನೋಡಿ, ಹೊಟ್ಟೆಯಿಂದ ಒತ್ತಡ ಹಾಕಿ ವಿಸರ್ಜಿಸುವುದನ್ನು ಕಲಿಯಬೇಕು, ಅದಕ್ಕೆ ತಿಂಗಳುಗಳೇ ಬೇಕು. ರಾತ್ರಿ ಸೋರಿಕೆ ಕೆಲವರಿಗೆ ಉಳಿದೇ ಬಿಡುತ್ತದೆ. ಕೆಲವರು, ಹೆಂಗಸರು ಹೆಚ್ಚಾಗಿ, ದಿನವೂ ತಾವೇ ಕ್ಯಾಥಿಟರ್ ಹಾಕಿಕೊಳ್ಳಬೇಕಾಗಬಹುದು. ಕಿಡ್ನಿ ಸೋತವರಿಗೆ, ಇಷ್ಟೆಲ್ಲ ಕಲಿಯುವ ತ್ರಾಣವಿಲ್ಲದ ಹಿರಿಯರಿಗೆ ಚೀಲವೇ ಲೇಸು. ಅದು ಸೋಲಲ್ಲ: ಎರಡೂ ಗುಂಪಿನವರ ಬದುಕನ್ನು ಹೋಲಿಸಿದ ಅಧ್ಯಯನಗಳಲ್ಲಿ ಯಾವುದೂ ಸ್ಪಷ್ಟವಾಗಿ ಗೆದ್ದಿಲ್ಲ.

ಚೀಲದವರಿಗೆ ಸ್ಟೋಮಾದ ಜಾಗವೇ ಮುಖ್ಯ. ಆಪರೇಷನ್ನಿಗೆ ಮೊದಲೇ ಕೂರಿಸಿ, ನಿಲ್ಲಿಸಿ, ಮಲಗಿಸಿ ಗುರುತು ಹಾಕಬೇಕು. ಪಂಚೆ, ಸೀರೆ, ಉಡುದಾರ ಎಲ್ಲಿ ಬಿಗಿಯುತ್ತವೆ ಎಂದು ನೋಡಬೇಕು. ಮಡಿಕೆಯ ಮೇಲೆ ಬಂದರೆ ಅಂಟು ನಿಲ್ಲದು, ಚರ್ಮ ಹುಣ್ಣಾಗುತ್ತದೆ.

ಅಹಮದಾಬಾದಿನಲ್ಲಿ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಿದೆ. ವಡೋದರಾಕ್ಕೆ ಹೋಗುವ ದಾರಿಯ ನಡಿಯಾದಿನಲ್ಲಿ 1978ರಿಂದ ಮೂತ್ರರೋಗಗಳಿಗೆಂದೇ ಮೂಲ್ಜಿಭಾಯಿ ಪಟೇಲ್ ಆಸ್ಪತ್ರೆಯಿದೆ. ಎಲ್ಲಿಗೇ ಹೋಗಿ, ಹೊಸ ಕೋಶ ಆರಿಸಿಕೊಂಡಿದ್ದರೂ ಸ್ಟೋಮಾದ ಗುರುತು ಹಾಕಿಸಿಕೊಳ್ಳಿ. ಆಪರೇಷನ್ ನಡೆಯುವಾಗ ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಕಂಡರೆ ಹೊಸ ಕೋಶದ ಯೋಜನೆಯನ್ನು ಅಲ್ಲಿಯೇ ಕೈಬಿಡಬೇಕಾಗುತ್ತದೆ.