ನೆರೆಮನೆಯ ನಾಯಿ ಮತ್ತು ನಮ್ಮ ನಿದ್ರೆ

ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರನ್ನು ಚರಕಾಚಾರ್ಯರು ಶರೀರದ ಉಪಸ್ತಂಭಗಳೆಂದು ಕರೆದಿದ್ದಾರೆ. ಆಹಾರದ ವಿಷಯವಾಗಿ ನಮ್ಮಲ್ಲಿ ಪ್ರಶ್ನೆ ಕೇಳುವ ಭಕ್ತರು ಬಹಳ. ನಿದ್ರೆಯ ವಿಷಯವಾಗಿ ಬರುವವರು ಸಾಮಾನ್ಯವಾಗಿ ಗುಳಿಗೆಯನ್ನೋ ಲೇಹ್ಯವನ್ನೋ ಕೇಳುತ್ತಾರೆಯೇ ಹೊರತು ನಿದ್ರೆ ಕೆಟ್ಟುದೇಕೆಂಬುದನ್ನು ತಾವಾಗಿ ಹೇಳುವುದಿಲ್ಲ. ಹೇಳಿಕೊಳ್ಳಲು ಸಣ್ಣದೆನಿಸಿದರೂ ಅನುಭವಿಸುವವರಿಗೆ ದೊಡ್ಡದಾಗಿರುವ ಅಂತಹ ಒಂದು ಕಾರಣವನ್ನು ಈ ಸಂಚಿಕೆಯಲ್ಲಿ ವಿಚಾರ ಮಾಡೋಣ. ಅದು ನೆರೆಮನೆಯ ನಾಯಿಯ ಎಡೆಬಿಡದ ಬೊಗಳುವಿಕೆ.

ಕೆಲವು ಕಾಲದ ಹಿಂದೆ ಬಂಟ್ವಾಳ ತಾಲ್ಲೂಕಿನಲ್ಲಿ ಬಾಡಿಗೆ ಮನೆಯಲ್ಲಿರುವ ಶಿಕ್ಷಕಿಯೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಉತ್ತರ ಕರ್ನಾಟಕದಿಂದ ಉದ್ಯೋಗಕ್ಕಾಗಿ ಕರಾವಳಿಗೆ ಬಂದವರು. ತಲೆನೋವು, ಹುಳಿತೇಗು, ಔಷಧ ಸೇವಿಸುತ್ತಿದ್ದರೂ ಇಳಿಯದ ರಕ್ತದೊತ್ತಡ. “ನಿದ್ದಿ ಬಂದ್ರ ಸಾಕ್ರಿ, ಒಂದು ಗುಳಿಗಿ ಕೊಡ್ರಿ” ಎಂದರು. ನಾಡಿ ನೋಡಿ, ದಿನಚರಿಯನ್ನು ವಿಚಾರಿಸಿದ ಮೇಲೆ ಮೆಲ್ಲನೆ ಹೇಳಿದರು: “ಬಾಜೂ ಮನಿಯವರ ಎರಡು ನಾಯಿ ಅದಾವ್ರಿ. ರಾತ್ರಿ ಪೂರಾ ಬೊಗಳ್ತಾವ್ರಿ.” ಮತ್ತೂ ಸ್ವಲ್ಪ ಹೊತ್ತಿನ ಬಳಿಕ, ಒಂದು ರಾತ್ರಿ ಅನ್ನದಲ್ಲಿ ವಿಷ ಬೆರೆಸಿ ಹಾಕಿಬಿಡಬೇಕೆಂಬ ಯೋಚನೆ ತಮಗೆ ಬಂದಿತ್ತೆಂದು ಹೇಳಿ ಕಣ್ಣೀರಿಟ್ಟರು. ನಿತ್ಯ ಇಷ್ಟಲಿಂಗ ಪೂಜೆ ಮಾಡುವ, ಇರುವೆಗೂ ಸಕ್ಕರೆ ಇಡುವ ತಾಯಿ ಅವರು. ನಿದ್ರೆಯಿಲ್ಲದ ಮನಸ್ಸು ಒಳ್ಳೆಯವರನ್ನೂ ಎಲ್ಲಿಗೆ ಒಯ್ಯಬಲ್ಲದೆಂಬುದು ನಮಗೆ ಅಂದು ಮನವರಿಕೆಯಾಯಿತು.

ತೋಟದಿಂದ ವಠಾರಕ್ಕೆ

ತುಳುನಾಡಿನಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡು ಇದ್ದುದಲ್ಲ. ಅಡಿಕೆ ತೋಟದ ನಡುವೆ ಒಂದು ಮನೆ, ಗದ್ದೆಯಾಚೆ ಮತ್ತೊಂದು ಮನೆ. ಅಂಗಳದಲ್ಲಿ ಒಣಗಲು ಹರಡಿದ ಅಡಿಕೆಯನ್ನು ಕಾಯುವುದಕ್ಕೆ, ರಾತ್ರಿ ತೋಟಕ್ಕೆ ನುಗ್ಗುವ ಹಂದಿಯನ್ನು ಓಡಿಸುವುದಕ್ಕೆ ನಾಯಿ ಬೇಕೇ ಬೇಕಿತ್ತು. ಅದು ಬೊಗಳಿದರೆ ಮನೆಯವರಿಗೆ ಧೈರ್ಯ. ನೆರೆಯವರಿಗೆ ಅದು ದೂರದ ಸದ್ದು.

ಇಂದು ಬಿ.ಸಿ. ರೋಡ್, ಉಜಿರೆ, ಮೂಡುಬಿದಿರೆಗಳಂತಹ ಊರುಗಳು ಬೆಳೆದಿವೆ. ವಿದ್ಯಾಸಂಸ್ಥೆಗಳಿಗೆ, ಬ್ಯಾಂಕು ಕಚೇರಿಗಳಿಗೆ ಘಟ್ಟದ ಮೇಲಿನಿಂದ ಬಂದವರು ಸಾಲು ಮನೆಗಳಲ್ಲಿ, ಫ್ಲಾಟುಗಳಲ್ಲಿ ಬಾಡಿಗೆಗೆ ಇದ್ದಾರೆ. ಎರಡು ಸಂಸಾರಗಳ ನಡುವೆ ಒಂದೇ ಗೋಡೆ. ನಾಯಿ ಸಾಕುವ ಅಭ್ಯಾಸ ಮಾತ್ರ ತೋಟದ ಮನೆಯದೇ ಉಳಿದಿದೆ. ಅಲ್ಲಿ ಎಕರೆಗಟ್ಟಲೆ ಓಡಾಡುತ್ತಿದ್ದ ಪ್ರಾಣಿ ಇಲ್ಲಿ ನಾಲ್ಕು ಮೊಳದ ಸರಪಳಿಯಲ್ಲಿದೆ. ತೊಂದರೆಯ ಮೂಲ ಇಲ್ಲಿದೆಯೆಂದು ನಮ್ಮ ಅಭಿಪ್ರಾಯ.

ಮಳೆ ಮಲಗಿಸುತ್ತದೆ, ಬೊಗಳು ಎಬ್ಬಿಸುತ್ತದೆ

ಆಷಾಢದ ಮಳೆ ಹಂಚಿನ ಮೇಲೆ ರಾತ್ರಿಯಿಡೀ ಹೊಯ್ಯುತ್ತದೆ. ಅದೂ ದೊಡ್ಡ ಸದ್ದೇ. ಆದರೂ ಆ ಸದ್ದಿಗೆ ಸುಖವಾಗಿ ನಿದ್ರಿಸುತ್ತೇವೆ. ಮಳೆಯದು ಒಂದೇ ಸಮನೆಯ ಧ್ವನಿ. ಮನಸ್ಸು ಅದಕ್ಕೆ ಬೇಗನೆ ಒಗ್ಗಿಕೊಳ್ಳುತ್ತದೆ. ನಾಯಿಯ ಬೊಗಳು ಹಾಗಲ್ಲ. ಯಾವಾಗ ಆರಂಭವಾಗುವುದೋ ಯಾವಾಗ ನಿಲ್ಲುವುದೋ ತಿಳಿಯದು. ನಿಂತ ಮೇಲೂ ಕಿವಿಯು ಮುಂದಿನ ಬೊಗಳಿಗಾಗಿ ಕಾಯುತ್ತಿರುತ್ತದೆ. ಕಣ್ಣಿಗೆ ರೆಪ್ಪೆಯಿದೆ, ಕಿವಿಗೆ ಇಲ್ಲ. ನಾವು ಎಚ್ಚರಗೊಳ್ಳದಿದ್ದರೂ ಹಠಾತ್ತಾದ ಸದ್ದಿಗೆ ಹೃದಯದ ಬಡಿತ ಏರುತ್ತದೆ. ಅಪಾಯದ ಸಮಯದಲ್ಲಿ ಸ್ರವಿಸುವ ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ರಸಗಳು ರಕ್ತಕ್ಕೆ ಸೇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಯುರೋಪಿಗಾಗಿ ನೀಡಿದ ಮಾರ್ಗಸೂಚಿಯಲ್ಲಿ, ರಾತ್ರಿ ಮನೆಯ ಹೊರಗಿನ ಸದ್ದಿನ ಸರಾಸರಿ 40 ಡೆಸಿಬಲ್ ಮೀರಬಾರದೆಂದು ಸೂಚಿಸಿದೆ.

ಆಯುರ್ವೇದವು ಇದನ್ನು ಬಹು ಹಿಂದೆಯೇ ಗುರುತಿಸಿದೆ. ಇಂದ್ರಿಯಗಳಿಗೆ ಒಗ್ಗದ ವಿಷಯಗಳ ಸಂಯೋಗವನ್ನು ಚರಕರು ರೋಗದ ಮೂರು ಮೂಲಕಾರಣಗಳಲ್ಲಿ ಒಂದೆಂದು ಎಣಿಸಿದ್ದಾರೆ. ಅತಿಯಾದ ಶಬ್ದವನ್ನು ಕೇಳುವುದು ಕಿವಿಗೆ ಅತಿಯೋಗ. ಕರ್ಕಶವಾದ, ಭಯ ಹುಟ್ಟಿಸುವ ಶಬ್ದವನ್ನು ಕೇಳುವುದು ಮಿಥ್ಯಾಯೋಗ. ರಾತ್ರಿ ಜಾಗರಣೆಯು ರೂಕ್ಷಗುಣವುಳ್ಳದ್ದು, ವಾತವನ್ನು ಕೆರಳಿಸುತ್ತದೆ. ಮೈಕೈ ನೋವು, ಅಜೀರ್ಣ, ಸಿಡುಕು, ಮರೆವು ಅದರ ಫಲ. ಆ ಶಿಕ್ಷಕಿಯವರ ತಲೆನೋವಿಗೆ ಬೇರೆ ಕಾರಣವನ್ನು ಹುಡುಕಬೇಕಾಗಿರಲಿಲ್ಲ.

ನಾಯಿಯೂ ರೋಗಿಯೇ

ಚಿಕಿತ್ಸೆಯೆಂದರೆ ಸಂಕ್ಷೇಪವಾಗಿ ಕಾರಣವನ್ನು ದೂರಮಾಡುವುದೇ ಎಂದು ಸುಶ್ರುತರ ಅಭಿಪ್ರಾಯ. ಇದನ್ನು ನಿದಾನ ಪರಿವರ್ಜನವೆನ್ನುತ್ತೇವೆ. ಇಲ್ಲಿ ಕಾರಣವು ನಾಯಿಯೆಂದು ತಿಳಿದರೆ ತಪ್ಪಾಯಿತು. ಆ ನಾಯಿ ಬೊಗಳುವುದಕ್ಕೂ ಒಂದು ಕಾರಣವಿದೆ. ಅದನ್ನು ಹುಡುಕಬೇಕು.

ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಸದ್ದನ್ನು ಗ್ರಹಿಸುತ್ತದೆ. ನಾಯಿಯ ಕಿವಿ 40,000ಕ್ಕೂ ಮೇಲೆ. ಆದುದರಿಂದ ಅದು ಸುಮ್ಮನೆ ಬೊಗಳುತ್ತಿದೆಯೆಂದು ನಮಗೆ ತೋರಿದಾಗಲೂ ಅದಕ್ಕೆ ಏನೋ ಕೇಳಿಸಿರಬಹುದು. ದಾರಿಹೋಕರು, ಬೈಕು, ಬೀದಿನಾಯಿ ಕಣ್ಣಿಗೆ ಬಿದ್ದರೆ ಅದು ಎಲ್ಲೆ ಕಾಯುವ ಬೊಗಳು. ದಿನವಿಡೀ ಯಾರೂ ಇಲ್ಲದ ಮನೆಯಲ್ಲಿ ಒಂದೇ ಸ್ವರದಲ್ಲಿ ಗಂಟೆಗಟ್ಟಲೆ ನಡೆಯುವುದು ಒಂಟಿತನದ ಬೊಗಳು. ಗುಡುಗಿಗೆ, ದೀಪಾವಳಿಯ ಪಟಾಕಿಗೆ ನಡುಗುತ್ತ ಬೊಗಳುವುದು ಭಯ. ಉಣ್ಣಿ, ಚರ್ಮದ ತುರಿಕೆ, ಕಿವಿಯ ಸೋಂಕು ಕರಾವಳಿಯ ತೇವದ ಹವೆಯಲ್ಲಿ ಸಾಮಾನ್ಯ. ನೋವಿಗೂ ನಾಯಿ ಬೊಗಳುತ್ತದೆ, ಊಳಿಡುತ್ತದೆ. ಮುದಿ ನಾಯಿಗಳಿಗೆ ಮನುಷ್ಯರಂತೆಯೇ ಮರೆವಿನ ಕಾಯಿಲೆ ಬಂದು ರಾತ್ರಿ ಹಗಲುಗಳ ವ್ಯತ್ಯಾಸ ತಪ್ಪುವುದುಂಟು.

ನಮ್ಮ ಭಕ್ತರಲ್ಲಿ ನಾಯಿ ಸಾಕಿದವರೂ ಇದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟು. ಬೆಳಿಗ್ಗೆ ಮತ್ತು ಸಂಜೆ ಅರ್ಧ ಗಂಟೆಯಾದರೂ ನಾಯಿಯನ್ನು ನಡೆಸಿರಿ; ದಣಿದ ನಾಯಿ ರಾತ್ರಿ ಮಲಗುತ್ತದೆ. ಬೀದಿ ಕಾಣುವ ಗೇಟಿಗೆ ತಗಡು ಅಥವಾ ಬಟ್ಟೆಯ ಮರೆ ಕಟ್ಟಿರಿ. ರಾತ್ರಿ ಮನೆಯೊಳಗೆ ಅಥವಾ ನೆರೆಯವರ ಮಲಗುವ ಕೋಣೆಯಿಂದ ದೂರದ ಬದಿಯಲ್ಲಿ ಮಲಗಿಸಿರಿ. ಬೊಗಳಿದಾಗ ಗದರಬೇಡಿರಿ, ಒಡೆಯನೂ ತನ್ನೊಡನೆ ಬೊಗಳುತ್ತಿದ್ದಾನೆಂದೇ ಅದು ತಿಳಿಯುತ್ತದೆ. ಸುಮ್ಮನಾದ ಕ್ಷಣದಲ್ಲಿ ಮೈದಡವಿ ಒಂದು ತುಣುಕು ತಿಂಡಿ ಕೊಡಿರಿ. ಇದ್ದಕ್ಕಿದ್ದಂತೆ ಬೊಗಳು ಹೆಚ್ಚಿದರೆ ಸರ್ಕಾರಿ ಪಶು ಆಸ್ಪತ್ರೆಗೆ ತೋರಿಸಿರಿ. ರೇಬೀಸ್ ಲಸಿಕೆಯನ್ನೂ ತಪ್ಪದೆ ಹಾಕಿಸಿರಿ.

ಮಾತನಾಡುವ ಕ್ರಮ

ನಿದ್ರೆಗೆಟ್ಟವರು ನಡುರಾತ್ರಿ ಬಾಗಿಲು ಬಡಿಯುತ್ತಾರೆ. ಕೋಪದಲ್ಲಿ ಹೋದ ಮಾತು ಜಗಳವಾಗಿ ಹಿಂದಿರುಗುತ್ತದೆ. ಒಂದು ವಾರ ಬೊಗಳಿದ ಸಮಯ, ಎಷ್ಟು ಹೊತ್ತು ಎಂಬುದನ್ನು ಬರೆದಿಡಿರಿ. ಆಮೇಲೆ ಒಂದು ಭಾನುವಾರದ ಸಂಜೆ ಹೋಗಿರಿ. ನೆರೆಯವರು ತುಳು ಮಾತನಾಡುವವರಾದರೆ “ಎಂಚ ಉಲ್ಲರ್” ಎಂದು ಕುಶಲ ವಿಚಾರಿಸಿದರೆ ಅರ್ಧ ಬಾಗಿಲು ತೆರೆದಂತೆ. “ನಿಮ್ಮ ನಾಯಿಯ ಕಾಟ” ಎನ್ನುವ ಬದಲು “ನಿಮ್ಮ ನಾಯಿ ನೀವಿಲ್ಲದಾಗ ಬಹಳ ಅಳುತ್ತದೆ, ನಿಮಗೆ ತಿಳಿದಿರಲಿಕ್ಕಿಲ್ಲ” ಎನ್ನಿರಿ. ಬಹಳ ಸಲ ಅವರಿಗೆ ನಿಜವಾಗಿಯೂ ತಿಳಿದಿರುವುದಿಲ್ಲ. ಅವರು ಮನೆಯಲ್ಲಿದ್ದಾಗ ಅದು ಬೊಗಳುವುದೇ ಇಲ್ಲ. ಇದರಿಂದ ಆಗದಿದ್ದರೆ ಮನೆಯ ಮಾಲೀಕರು ಮಧ್ಯಸ್ಥರಾಗಬೇಕು.

ಅದೂ ಸಾಲದೆ ಹೋದರೆ ಕಾನೂನಿದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಬಂಟ್ವಾಳ, ಮೂಡುಬಿದಿರೆಗಳಲ್ಲಿ ಪುರಸಭೆಗೆ, ಬೆಳ್ತಂಗಡಿಯಲ್ಲಿ ಪಟ್ಟಣ ಪಂಚಾಯತಿಗೆ, ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿಗೆ ಬರೆದಿಟ್ಟ ಪಟ್ಟಿಯೊಡನೆ ಲಿಖಿತ ಮನವಿ ಕೊಡಬಹುದು. ಆದರೆ ಬೊಗಳುವುದನ್ನೇ ನೆಪಮಾಡಿ ನಾಯಿಯನ್ನು ವಠಾರದಿಂದ ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ರಾತ್ರಿ ನಾಯಿಯನ್ನು ಶಾಂತವಾಗಿರಿಸಲು ಯತ್ನಿಸಬೇಕೆಂದು ಸಾಕಿದವರಿಗೂ ಹೇಳಿದೆ. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕ ಓಡಾಟ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ ಹಿಂಸೆಯೇ. ಇನ್ನು ವಿಷವಿಕ್ಕಿ ಕೊಲ್ಲುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ 5 ವರ್ಷಗಳವರೆಗೆ ಸೆರೆಮನೆ ವಿಧಿಸಬಹುದಾದ ಅಪರಾಧ.

ಅಲ್ಲಿಯವರೆಗೆ ದೇಹರಕ್ಷಣೆ

ನೆರೆಯವರು ಸರಿಪಡಿಸುವವರೆಗೆ ನಮ್ಮ ದೇಹವನ್ನು ನಾವು ಕಾಪಾಡಿಕೊಳ್ಳಬೇಕಲ್ಲವೆ? ಹಾಸಿಗೆಯನ್ನು ನಾಯಿಯ ಬದಿಯ ಗೋಡೆಯಿಂದ ಬೇರೆ ಕೋಣೆಗೆ ಬದಲಿಸಿರಿ. ಫ್ಯಾನಿನ ಒಂದೇ ಸಮನೆಯ ಸದ್ದು ಹೊರಗಿನ ಸದ್ದನ್ನು ಮಸುಕುಗೊಳಿಸುತ್ತದೆ. ಮಲಗುವ ಮೊದಲು ಅಂಗಾಲಿಗೆ ಎಳ್ಳೆಣ್ಣೆಯನ್ನೋ ತುಪ್ಪವನ್ನೋ ತಿಕ್ಕುವುದು, ನೆತ್ತಿಗೆ ಎಣ್ಣೆ ಹಚ್ಚುವುದು ವಾತವನ್ನು ಶಮನಗೊಳಿಸುತ್ತದೆ. ನಿದ್ರೆ ತರುವ ಪದಾರ್ಥಗಳಲ್ಲಿ ಎಮ್ಮೆಯ ಹಾಲು ಶ್ರೇಷ್ಠವೆಂದು ಚರಕರು ಹೇಳಿದ್ದಾರೆ. ಜೀರ್ಣಶಕ್ತಿ ಚೆನ್ನಾಗಿರುವವರು ರಾತ್ರಿ ಒಂದು ಲೋಟ ಬಿಸಿ ಹಾಲು ಕುಡಿಯಬಹುದು. ಮಧುಮೇಹಿಗಳು ಸಕ್ಕರೆ ಬೆರೆಸಬಾರದು.

ರಾತ್ರಿ ನಿದ್ರೆಗೆಟ್ಟವರು ಮರುದಿನ ಊಟಮಾಡಿ ಮಧ್ಯಾಹ್ನ ದೀರ್ಘವಾಗಿ ಮಲಗುತ್ತಾರೆ. ಇದರಿಂದ ಕಫ ಹೆಚ್ಚಿ ಆ ರಾತ್ರಿಯ ನಿದ್ರೆಯೂ ಕೆಡುತ್ತದೆ. ಕಳೆದುಕೊಂಡ ನಿದ್ರೆಯ ಅರ್ಧದಷ್ಟು ಕಾಲವನ್ನು ಬೆಳಿಗ್ಗೆ, ಆಹಾರ ಸೇವಿಸುವ ಮೊದಲು ಮಲಗಿ ತುಂಬಿಕೊಳ್ಳಬೇಕೆಂದು ಅಷ್ಟಾಂಗಹೃದಯ ಹೇಳುತ್ತದೆ. ರಜಾದಿನದಲ್ಲಾದರೂ ಇದನ್ನು ಅನುಸರಿಸಿರಿ. ಸಂಜೆಯ ಲಿಂಗಪೂಜೆಯ ಬಳಿಕ ಕಾಲು ಗಂಟೆ ಉಸಿರನ್ನು ಗಮನಿಸುತ್ತ ಮೌನವಾಗಿ ಕುಳಿತರೆ, ಮುಂದಿನ ಬೊಗಳಿಗಾಗಿ ಕಾಯುವ ಮನಸ್ಸಿಗೆ ಬೇರೊಂದು ನೆಲೆ ದೊರೆಯುತ್ತದೆ.

ವಾರದಲ್ಲಿ ಕನಿಷ್ಠ 3 ರಾತ್ರಿ, 3 ತಿಂಗಳು ಅಥವಾ ಅದಕ್ಕೂ ಮೇಲ್ಪಟ್ಟು ನಿದ್ರೆ ಬಾರದಿದ್ದರೆ ಅದು ದೀರ್ಘಕಾಲದ ನಿದ್ರಾನಾಶ, ವೈದ್ಯರನ್ನು ಕಾಣಲೇಬೇಕು. ಅಶ್ವಗಂಧ ಮುಂತಾದವನ್ನು, ವಿಶೇಷವಾಗಿ ಗರ್ಭಿಣಿಯರು ಮತ್ತು ಥೈರಾಯ್ಡ್ ಮಾತ್ರೆ ಸೇವಿಸುವವರು, ಕೇಳದೆ ತೆಗೆದುಕೊಳ್ಳಬಾರದು. ರಕ್ತದೊತ್ತಡದ ಮಾತ್ರೆಯನ್ನು ಯಾವ ಕಾರಣಕ್ಕೂ ತಾವಾಗಿ ನಿಲ್ಲಿಸಬಾರದು.

ಆ ಶಿಕ್ಷಕಿಯವರು ಗುಳಿಗೆಯಿಲ್ಲದೆ ಹಿಂದಿರುಗಿದರು. ನೆರೆಯವರು ಬೆಳಿಗ್ಗೆ ಕೆಲಸಕ್ಕೆ ಹೋದರೆ ರಾತ್ರಿ ಬರುವ ದಂಪತಿಗಳೆಂದೂ, ನಾಯಿಗಳು ಇವರ ಮಲಗುವ ಕೋಣೆಯ ಹಿಂಗೋಡೆಗೇ ಕಟ್ಟಿರುತ್ತಿದ್ದವೆಂದೂ ಮಾತನಾಡಿದ ಮೇಲೆ ತಿಳಿಯಿತು. ನಾಯಿಗಳು ಎದುರಿನ ಜಗಲಿಗೆ ಬಂದವು. ಸಂಜೆ ಶಾಲೆಯಿಂದ ಬಂದು ಅವುಗಳಿಗೆ ನೀರಿಡುವುದನ್ನು ಇವರೇ ಒಪ್ಪಿಕೊಂಡರು. ಬೊಗಳು ಪೂರ್ತಿ ನಿಂತಿಲ್ಲ. ನಿದ್ರೆ ಮಾತ್ರ ಬಂದಿದೆ, ರಕ್ತದೊತ್ತಡವೂ ಇಳಿದಿದೆ. “ಈಗ ಅದರ ದನಿ ನನಗ ಗುರ್ತೈತ್ರಿ” ಎಂದರು.

ಹಾವಿನಹಾಳ ಕಲ್ಲಯ್ಯನವರು ನಾಯಿಯಿಂದ ವೇದವನ್ನು ಓದಿಸಿದರೆಂಬ ಐತಿಹ್ಯವನ್ನು ಭಕ್ತರೆಲ್ಲರೂ ಬಲ್ಲರು. ಅಂತಹ ಶಕ್ತಿ ನಮ್ಮದಲ್ಲ. ನಾಯಿ ಏನು ಹೇಳುತ್ತಿದೆಯೆಂದು ಕೇಳಿಸಿಕೊಳ್ಳುವಷ್ಟು ದಯೆಯನ್ನು ನಾವೂ ತೋರಬಹುದು. ಅದರಿಂದ ಗೋಡೆಯ ಎರಡೂ ಬದಿಯವರಿಗೆ ನಿದ್ರೆ ದೊರೆಯುತ್ತದೆ. ಶರಣು ಶರಣಾರ್ಥಿ.